ದೀಪ ಹಚ್ಚಿದ ಮೇಲೆ ಒಮ್ಮೆ ಹೊರಗೆ ನಿಂತು ನೋಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಮುಹೂರ್ತ ತೆಗೆಸಿರುವ ಎಲ್ಲರಿಗೂ ಈ ಪತ್ರ.

ನಾನು ಬೆಟಗೇರಿಯವಳು, ನೇಕಾರರ ಮನೆಯ ಮಗಳು. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪರದೆ ಹೊಲಿಯುತ್ತಿದ್ದೇನೆ. ನಿಮ್ಮ ಪೈಕಿ ಕೆಲವರ ಮನೆಗೆ ಟೇಪು ಹಿಡಿದು ಬಂದು ಚಹಾ ಕುಡಿದು ಹೋದವಳು. ನನಗೆ ಫೋನು ಬರುವುದು ವಾಸ್ತುಶಾಂತಿಗೆ ಮೂರು ದಿನ ಇರುವಾಗ. "ಯಕ್ಕಾ, ಶುಕ್ರವಾರ ಕಾರ್ಯಕ್ರಮ ಐತ್ರಿ. ಬುಧವಾರದೊಳಗ ಪರದಾ ಆಗಬೇಕ ನೋಡ್ರಿ." ಕಿಟಕಿ ಎಷ್ಟದಾವ್ರಿ ಎಂದು ಕೇಳಿದರೆ ಆ ಕಡೆ ಒಂದು ಗಳಿಗೆ ಸದ್ದಿರುವುದಿಲ್ಲ. "ತಡೀರಿ, ಎಣಿಸಿ ಹೇಳ್ತೀನಿ" ಅನ್ನುತ್ತಾರೆ. ಟೈಲ್ಸ್ ಆರಿಸಲು ಹುಬ್ಬಳ್ಳಿಗೆ ನಾಲ್ಕು ಸಲ ಹೋಗಿ ಬಂದವರಿಗೆ ತಮ್ಮ ಮನೆಗೆ ಕಿಟಕಿ ಎಷ್ಟಿವೆ ಎಂಬುದು ಬಾಯಿಪಾಠ ಇರುವುದಿಲ್ಲ. ತಪ್ಪೆಂದು ಹೇಳುತ್ತಿಲ್ಲ. ಕಟ್ಟುವಾಗ ಕಿಟಕಿಯೆಂದರೆ ಗೋಡೆಯಲ್ಲಿ ಬಿಟ್ಟ ಜಾಗ, ಅಷ್ಟೆ. ಅದಕ್ಕೆ ಕಣ್ಣು ಬರುವುದು ನೀವು ಒಳಗೆ ಬಂದು ಬಾಳಲು ಶುರುಮಾಡಿದ ಮೇಲೆ.

ಆಮೇಲೆ ಬಣ್ಣದ ಮಾತು. ಗೋಡೆ ಕೆನೆಬಣ್ಣದ್ದು, ಸೋಫಾ ಕಂದು, ಇದಕ್ಕೆ ಯಾವುದು ಒಪ್ಪುತ್ತದೆ ಎಂದು ಅರ್ಧ ತಾಸು ಚರ್ಚೆ. ಮನೆಯ ಗಂಡಸರು ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಹೆಣ್ಣುಮಕ್ಕಳು ಮಾತ್ರ ನಾನು ಮೆಟ್ಟಿಲಿಳಿಯುವಾಗ ಹಿಂದೆ ಬಂದು ಮೆಲ್ಲಗೆ ಒಂದು ಮಾತು ಹೇಳುತ್ತಾರೆ: "ಬಣ್ಣ ಹೆಂಗರ ಇರಲಿ, ಒಂದೀಟು ಅಡ್ಡ ಆಗಬೇಕ್ರಿ." ಖಾಸಗಿತನ ಎಂಬ ಶಬ್ದ ಪತ್ರಿಕೆಯಲ್ಲಿ ಬರುತ್ತದೆ, ಭಾಷಣದಲ್ಲಿ ಬರುತ್ತದೆ. ನಮ್ಮ ಅಡುಗೆಮನೆಯಲ್ಲಿ ಅದರ ಹೆಸರು ಅಡ್ಡ. ಮೆಟ್ಟಿಲ ಮೇಲೆ ಹೇಳಿಹೋಗುವ ಆ ಒಂದು ಮಾತಿನ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹತ್ತು-ಹನ್ನೊಂದು ವರ್ಷದ ಹಿಂದಿನದು. ಗದಗಿನದೇ ಒಂದು ಹೊಸ ಪ್ಲಾಟಿನ ಓಣಿ, ಯಾವುದೆಂದು ಬೇಡ. ರಸ್ತೆಯ ಕಡೆಗೆ ಮಲಗುವ ಖೋಲಿ, ಅದಕ್ಕೆ ಐದಡಿ ಅಗಲದ ಸರಿಸುವ ಗಾಜಿನ ಕಿಟಕಿ. ಮನೆಗೆ ಹೊಸ ಸೊಸೆ ಬಂದು ಎರಡು ತಿಂಗಳಾಗಿತ್ತು. ಗಾಳಿ ಬೆಳಕು ಎರಡೂ ಇರಲಿ ಎಂದು ನಾನೇ ತೆಳ್ಳನೆಯ ಬಿಳಿ ನೆಟ್ಟಿನ ಅರಿವೆ ಆರಿಸಿಕೊಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಪರದೆ ತೂಗುಹಾಕಿ, ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿದೆ. ಒಳಗಿನದೊಂದೂ ಕಾಣಲಿಲ್ಲ. ಹಾಲು ಚೆಲ್ಲಿದಂತೆ ಬರೀ ಬಿಳಿ. ದುಡ್ಡು ಎಣಿಸಿಕೊಂಡು ಬಂದೆ.

ಎಂಟು ದಿನಕ್ಕೆ ಆ ಮನೆಯ ಅತ್ತೆಯ ಫೋನು. "ಸಂಜಿಮುಂದ ಒಮ್ಮೆ ಬಂದ್ ಹೋಗವಾ. ಏನ ಅಂತ ಕೇಳಬ್ಯಾಡ, ಬಾ." ಹೋದೆ. ಆಕೆ ನನ್ನನ್ನು ಮನೆಯೊಳಗೆ ಕರೆಯಲಿಲ್ಲ. ಕೈ ಹಿಡಿದು ರಸ್ತೆ ದಾಟಿಸಿ ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದಳು. ಖೋಲಿಯಲ್ಲಿ ಟ್ಯೂಬ್‌ಲೈಟ್ ಹತ್ತಿತ್ತು. ಗೋಡೆಯ ಕ್ಯಾಲೆಂಡರು ಕಂಡಿತು. ಅಲ್ಮಾರಿಯ ಕನ್ನಡಿ ಕಂಡಿತು. ಮಂಚದ ಮೇಲೆ ಕೂತು ಸೊಸೆ ಒಣಗಿದ ಅರಿವೆ ಮಡಚುತ್ತಿದ್ದಳು. ಮಡಚುತ್ತಿದ್ದುದು ಯಾವ ಅರಿವೆ ಎಂಬುದೂ ಕಾಣುತ್ತಿತ್ತು. "ಟಿವಿ ಹಚ್ಚಿಟ್ಟಂಗ ಕಾಣ್ತೈತಿ ನೋಡು" ಎಂದಳು ಅತ್ತೆ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯೆಲ್ಲ ಕತ್ತಲೆ. ಮೂಲೆಯಿಂದ ಒಂದು ಬೈಕು ತಿರುಗಿತು, ಅದರ ಬೆಳಕು ಕಿಟಕಿಯ ಮೇಲೆ ಬಿತ್ತು. ಈಗ ಪರದೆ ಮತ್ತೆ ಗೋಡೆಯಾಗಿತ್ತು, ಮಧ್ಯಾಹ್ನದಂತೆಯೇ ಬರೀ ಬಿಳಿ. ಬೈಕು ದಾಟಿತು, ಕರೆಂಟು ಬಂತು, ಮತ್ತೆ ಹುಡುಗಿ, ಮತ್ತೆ ಕ್ಯಾಲೆಂಡರು.

"ಅಕಿಗೆ ಹೇಳೀರೇನ್ರಿ?" ಎಂದು ಕೇಳಿದೆ.

"ಇಲ್ಲವಾ. ಹೇಳಿದ್ರ ಅಕಿ ಖೋಲ್ಯಾಗ ದೀಪಾನ ಹಚ್ಚೂದಿಲ್ಲ."

ಮರುದಿನವೇ ದಪ್ಪ ಅರಿವೆಯ ಇನ್ನೊಂದು ಜೋಡಿ ಹೊಲಿದು ಹಾಕಿ ಬಂದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಎಂಟು ರಾತ್ರಿ ಆ ಮಗು ಓಣಿಯವರ ಕಣ್ಣೆದುರು ಕೂತಿದ್ದಳಲ್ಲ, ಅದನ್ನು ನಾನು ಯಾವ ಹೊಲಿಗೆಯಿಂದಲೂ ಮುಚ್ಚಲಾರೆ.

ಆ ಕಟ್ಟೆಯ ಮೇಲೆ ನಾನು ಕಲಿತದ್ದು ಇಷ್ಟು. ಬೆಳಕು ಯಾವ ಕಡೆ ಹೆಚ್ಚಿದೆಯೋ ಆ ಕಡೆಯದು ಕಾಣುತ್ತದೆ. ಹಗಲು ಹೊರಗೆ ಬೆಳಕು, ಒಳಗೆ ಮಬ್ಬು. ಅದಕ್ಕೇ ಒಳಗಿದ್ದವರಿಗೆ ಓಣಿ ಕಾಣುತ್ತದೆ, ಓಣಿಯವರಿಗೆ ಒಳಗು ಕಾಣುವುದಿಲ್ಲ. ಸಂಜೆ ನೀವು ಸ್ವಿಚ್ ಒತ್ತಿದೊಡನೆ ಲೆಕ್ಕ ತಿರುವುಮುರುವು. ಇದು ನೆಟ್ಟಿಗೂ ಹೌದು, ಗಾಜಿಗೆ ಹಚ್ಚುವ ಕನ್ನಡಿಯಂಥ ಫಿಲ್ಮಿಗೂ ಹೌದು. ಫಿಲ್ಮು ಮಾರುವವರು "ಒಳಗಿಂದ ಕಾಣ್ತದ, ಹೊರಗಿಂದ ಕಾಣಂಗಿಲ್ಲ" ಎಂದು ಹೇಳುವುದು ಸುಳ್ಳಲ್ಲ. "ಹಗಲೊತ್ತು" ಎಂಬ ಒಂದು ಮಾತನ್ನು ನುಂಗಿರುತ್ತಾರೆ. ರಾತ್ರಿ ಅದೇ ಫಿಲ್ಮು ಒಳಗಿದ್ದವರಿಗೆ ಕನ್ನಡಿಯಾಗಿ ಅವರ ಮುಖವನ್ನೇ ತೋರಿಸುತ್ತದೆ, ಹೊರಗಿನವರಿಗೆ ಗಾಜಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಬೇರೆ ಬೇಕೇ?

ನಮ್ಮೂರಿನ ತ್ರಿಕೂಟೇಶ್ವರ ಗುಡಿಗೆ ನೀವೆಲ್ಲ ಹೋಗಿರುತ್ತೀರಿ. ಅಲ್ಲಿನ ಕಲ್ಲಿನ ಜಾಲಂಧ್ರಗಳ ಮುಂದೆ ಈ ಸಲ ಒಂದು ನಿಮಿಷ ನಿಲ್ಲಿ. ಚಾಲುಕ್ಯರ ಕಾಲದ ಕಲ್ಲುಕುಟಿಗರಿಗೆ ಈ ಬೆಳಕಿನ ಆಟ ಚೆನ್ನಾಗಿ ಗೊತ್ತಿತ್ತು. ಐಹೊಳೆಯ ಲಾಡಖಾನ್ ಗುಡಿಯಲ್ಲೂ ಇಂಥವೇ ತೂತಿನ ಕಲ್ಲಿನ ಕಿಟಕಿಗಳಿವೆ. ಬಿಸಿಲ ಝಳ ತಡೆಯುತ್ತವೆ, ಗಾಳಿ ಬಿಡುತ್ತವೆ, ಅಂಗಳದಲ್ಲಿ ನಿಂತವರಿಗೆ ಒಳಗಿನದೇನೂ ಕಾಣುವುದಿಲ್ಲ. ಒಳಗೊಂದು ದೊಡ್ಡ ದೀಪ ಇಟ್ಟರೆ ಮಾತ್ರ ಆ ಕಲ್ಲೂ ಬಾಯಿ ಬಿಡುತ್ತದೆ. ಕಲ್ಲಿನದೇ ಈ ಕಥೆಯಾದರೆ ನೆಟ್ಟಿನ ಪಾಡೇನು.

ಹಾಗಾದರೆ ಅರಿವೆ ಆರಿಸುವುದು ಹೇಗೆ? ನಮ್ಮ ಅಜ್ಜ ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದವರು. ಬೇರೆಯವರು ನೇಯ್ದ ಅರಿವೆ ಕೈಗೆ ಸಿಕ್ಕರೆ ಬಣ್ಣ ನೋಡುತ್ತಿರಲಿಲ್ಲ. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು, ಹಿಂದೆ ಇನ್ನೊಂದು ಕೈ ಇಟ್ಟು ಬೆರಳು ಎಣಿಸುತ್ತಿದ್ದರು. ಬೆರಳು ಐದೂ ಬಿಡಿಬಿಡಿಯಾಗಿ ಕಂಡರೆ "ಹೊಕ್ಕು ಕದ್ದಾನ" ಅನ್ನುತ್ತಿದ್ದರು. ಲಾಳಿ ಓಡಬೇಕಾದಷ್ಟು ಸಲ ಓಡಿಲ್ಲ, ಹಾಸಿನ ನಡುವೆ ಹೊಕ್ಕಿನ ಎಳೆ ಕಡಿಮೆ ಬಿದ್ದಿದೆ ಎಂದರ್ಥ. ನಾನು ಇವತ್ತಿಗೂ ಅಂಗಡಿಯಲ್ಲಿ ಇದನ್ನೇ ಮಾಡುತ್ತೇನೆ, ಬಾಗಿಲ ಬದಲು ಮೊಬೈಲಿನ ಟಾರ್ಚು. ಅರಿವೆಯನ್ನು ಎರಡು ಪದರ ಮಾಡಬೇಡಿ, ಒಂದೇ ಪದರ ಹಿಡಿಯಿರಿ. ಹಿಂದೆ ಟಾರ್ಚು, ನಡುವೆ ಕೈ. ಬೆರಳು ಎಣಿಸಲು ಬಂದರೆ ಅದು ಹಗಲಿನ ಪರದೆ, ಅದರ ಹಿಂದೆ ರಾತ್ರಿಗೆ ಇನ್ನೊಂದು ಬೇಕು. ಕೈಯ ಆಕಾರ ಮಸುಕಾಗಿ ಕಂಡು ಬೆರಳು ಬಿಡಿಸಿ ಹೇಳಲು ಬಾರದಿದ್ದರೆ ಪಡಸಾಲೆಗೆ ಸಾಕು. ಏನೂ ಕಾಣದಿದ್ದರೆ ಮಲಗುವ ಖೋಲಿಗೆ. ಅಂಗಡಿಯವರು ಮುಖ ಗಂಟಿಕ್ಕಿದರೆ ಇಕ್ಕಲಿ.

ಅರಿವೆ ದಪ್ಪ ಇದ್ದರೂ ನೆರಳಿನ ತಾಪತ್ರಯ ಬೇರೆಯೇ ಇದೆ. ಕಿಳ್ಳಿಕ್ಯಾತರ ತೊಗಲುಗೊಂಬೆ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಬಿಳಿ ಅರಿವೆ, ಹಿಂದೆ ದೀಪ, ನಡುವೆ ಗೊಂಬೆ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಆಟಕ್ಕೆ. ನಾವು ತಿಳಿಯದೆಯೇ ದಿನಾ ರಾತ್ರಿ ಆ ಆಟ ಆಡುತ್ತೇವೆ. ಕಿಟಕಿಯ ಎದುರಿನ ಗೋಡೆಗೆ ಟ್ಯೂಬ್‌ಲೈಟ್ ಹಾಕಿಸಿದರೆ ನೀವು ದೀಪಕ್ಕೂ ಪರದೆಗೂ ನಡುವೆ ನಿಂತಂತಾಯಿತು. ಕೈ ಎತ್ತಿದ್ದು, ಬಗ್ಗಿದ್ದು, ಸೀರೆ ಉಟ್ಟದ್ದು ಎಲ್ಲವೂ ಪರದೆಯ ಮೇಲೆ. ಅದೇ ಟ್ಯೂಬ್‌ಲೈಟನ್ನು ಕಿಟಕಿ ಇರುವ ಗೋಡೆಗೇ, ಕಿಟಕಿಯ ನೆತ್ತಿಯ ಮೇಲೆ ಹಾಕಿಸಿ. ಈಗ ನಿಮ್ಮ ನೆರಳು ಹಿಂದಿನ ಗೋಡೆಗೆ ಬೀಳುತ್ತದೆ. ಇದಕ್ಕೆ ಒಂದು ಗಜ ಅರಿವೆಯೂ ಬೇಡ. ವೈರಿಂಗ್ ಮಾಡುವ ಹುಡುಗನಿಗೆ ಮೊದಲೇ ಒಂದು ಮಾತು ಹೇಳಿದರಾಯಿತು. ಆದರೆ ವೈರಿಂಗ್ ಮುಗಿದು ಬಣ್ಣವೂ ಆದ ಮೇಲೆ ನನ್ನನ್ನು ಕರೆಯುತ್ತೀರಿ.

ನಮ್ಮ ಹಿರಿಯರಿಗೆ ಪರದೆಯ ಚಿಂತೆಯೇ ಇರಲಿಲ್ಲ. ಮೇಲ್ಮುದ್ದೆಯ ಮಣ್ಣಿನ ಮನೆ, ಮೊಣಕೈ ಉದ್ದದ ದಪ್ಪ ಗೋಡೆ, ಓಣಿಯ ಕಡೆ ಕಿಟಕಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಆಕಾಶಕ್ಕೆ ಕಣ್ಣಿಲ್ಲ, ಹಾಗಾಗಿ ಅಡ್ಡವೂ ಬೇಕಿರಲಿಲ್ಲ. ಹಾಗೆಂದು ಆ ಮನೆಗಳನ್ನು ಹೊಗಳಲು ಕೂತಿಲ್ಲ. ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡವರು ಯಾರೆಂದು ನನಗೆ ಗೊತ್ತಿದೆ. ಆದರೆ ಆಮೇಲೆ ಬಂದ, ಲಕ್ಷ್ಮೇಶ್ವರದ ಪೇಟೆಯಂಥ ಹಳೆಯ ಓಣಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಸಾಗವಾನಿ ಕಿಟಕಿ ಇದೆಯಲ್ಲ, ಅದನ್ನು ಕಂಡರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಆ ಕಿಟಕಿಗೆ ಕದ ನಾಲ್ಕು. ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಜೋಡಿ ಹಾಕಿ ಮೇಲಿನ ಜೋಡಿ ತೆರೆದರೆ ಗಾಳಿ ಬೆಳಕು ಎರಡೂ ಬರುತ್ತವೆ, ಕಣ್ಣು ಬರುವುದಿಲ್ಲ. ಹಿಂದಿನ ಹೆಣ್ಣುಮಕ್ಕಳು ದಿನಕ್ಕೆ ಹತ್ತು ಸಲ ಆ ಕದಗಳನ್ನು ಆಡಿಸುತ್ತಿದ್ದರು. ಓಣಿಯಲ್ಲಿ ಮೆರವಣಿಗೆ ಬಂದರೆ ನಾಲ್ಕೂ ತೆರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಕೆಳಗಿನವು ಹಾಕು. ಈಗಿನ ಸರಿಸುವ ಕಿಟಕಿಗೆ ಎಡ ಬಲ ಮಾತ್ರ ಗೊತ್ತು, ಮೇಲೆ ಕೆಳಗೆ ಗೊತ್ತಿಲ್ಲ.

ಅದಕ್ಕೇ ನನ್ನ ಗಿರಾಕಿಗಳಿಗೆಲ್ಲ ಒಂದೇ ಹಟ ಹಿಡಿಯುತ್ತೇನೆ: ಅರ್ಧ ಪರದೆ ಹಾಕಿಸಿ. ಬಹಳ ಮಂದಿಗೆ ಮೊದಲು ಸೇರುವುದಿಲ್ಲ. "ಹೋಟೆಲ್ ಕಂಡಂಗ ಕಾಣ್ತದ" ಎಂದವರಿದ್ದಾರೆ. ಲೆಕ್ಕ ಕೇಳಿ. ಕಿಟಕಿಯ ತಳ ನೆಲದಿಂದ ಮೂರಡಿ. ಕಿಟಕಿ ನಾಲ್ಕಡಿ ಎತ್ತರದ್ದು. ಅದರ ಕೆಳಗಿನ ಎರಡೂವರೆ ಅಡಿ ಮುಚ್ಚಿದರೆ ಅರಿವೆಯ ಮೇಲಂಚು ನೆಲದಿಂದ ಐದೂವರೆ ಅಡಿಗೆ ಬಂತು. ಮನೆಯ ಪಾಯ ರಸ್ತೆಗಿಂತ ಎರಡು-ಮೂರಡಿ ಮೇಲಿರುತ್ತದೆ. ರಸ್ತೆಯಲ್ಲಿ ಹೋಗುವವನು ಕತ್ತು ಎತ್ತಿ ನೋಡಿದರೂ ಅವನಿಗೆ ಕಾಣುವುದು ನಿಮ್ಮ ಫ್ಯಾನು ಮತ್ತು ಪಿಒಪಿ. ಪಿಒಪಿಗೆ ಅಷ್ಟು ಖರ್ಚು ಮಾಡಿದ್ದೀರಿ, ನೋಡಲಿ ಬಿಡಿ. ಮೇಲಿನ ಒಂದೂವರೆ ಅಡಿಯಿಂದ ದಿನವಿಡೀ ಬೆಳಕು. ಎದುರಿಗೆ ಎರಡು ಅಂತಸ್ತಿನ ಮನೆ ಇದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ರಾತ್ರಿಗೆಂದು ಮೇಲಿನಿಂದ ಪೂರ್ತಿ ಇಳಿಯುವ ಪರದೆ ಇನ್ನೊಂದು ಇರಲೇಬೇಕು.

ಅರ್ಧ ಪರದೆಗೆ ರಾಡು ಬೇಡ. ಸ್ಪ್ರಿಂಗಿನ ತಂತಿ ಮೇಲೊಂದು, ಕೆಳಗೊಂದು. ಕೆಳಗಿನದನ್ನು ಬಿಡಬೇಡಿ. ನಮ್ಮದು ಗಾಳಿಯ ಸೀಮೆ. ಕಪ್ಪತಗುಡ್ಡದ ಆಸುಪಾಸಿನಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಕೆಳಗೆ ಕಟ್ಟಿಲ್ಲದ ಪರದೆ ನಿಶಾನೆಯಂತೆ ಹಾರಿ ನಿಮ್ಮ ಮನೆಯ ಜಾತ್ರೆಯನ್ನು ಓಣಿಗೆಲ್ಲ ತೋರಿಸುತ್ತದೆ. ಪೂರ್ತಿ ಪರದೆಯಾದರೆ ಕೆಳಗಿನ ಮಡಿಕೆಯೊಳಗೆ ನಾನು ತೆಳು ಸರಪಳಿಯ ತುಂಡು ಹಾಕಿ ಹೊಲಿಯುತ್ತೇನೆ. ಒಗೆಯುವಾಗ ತೆಗೆಯಲು ಒಂದು ಬದಿ ಬಿಟ್ಟಿರುತ್ತೇನೆ. ಹಾಗೇ ಒಗೆದು ಮಷಿನ್ನಿನ ಡ್ರಮ್ಮು ಹಾಳುಮಾಡಿಕೊಂಡ ಪುಣ್ಯಾತ್ಮರೊಬ್ಬರಿದ್ದಾರೆ. ಇದನ್ನು ಓದುತ್ತಿದ್ದರೆ ನನ್ನನ್ನು ಬೈಯಬೇಡಿ, ಹೇಳಿದ್ದೆ.

ಅರಿವೆಗೆ ದುಡ್ಡಿಲ್ಲ ಎನ್ನುವವರಿಗೆ ನನ್ನ ಉತ್ತರ ನಿಮ್ಮ ಪೆಟ್ಟಿಗೆಯಲ್ಲೇ ಇದೆ. ಉಡದೇ ಇಟ್ಟ ಹತ್ತಿ ಸೀರೆ. ಬೆಟಗೇರಿಯದಾದರೆ ಇನ್ನೂ ಚೊಲೊ, ಹೊಕ್ಕು ಕದ್ದಿರುವುದಿಲ್ಲ. (ನಮ್ಮವರ ಮಾತು ಬಂದಾಗ ನಾನು ಪಕ್ಷಪಾತಿ, ಕ್ಷಮೆ ಇರಲಿ.) ಸೀರೆ ಐದೂವರೆ ಮೀಟರು, ಅಂದರೆ ಹದಿನೆಂಟು ಅಡಿ, ಪನ್ನ ನಲವತ್ತೈದು ಇಂಚು. ನಾಲ್ಕಡಿ ಅಗಲದ ಕಿಟಕಿಗೆ ಈ ಕಡೆ ಆರು ಇಂಚು ಆ ಕಡೆ ಆರು ಇಂಚು ಸೇರಿಸಿ ಐದಡಿ ರಾಡು. ನೆರಿಗೆ ಚೆನ್ನಾಗಿ ಬೀಳಬೇಕಾದರೆ ರಾಡಿನ ಎರಡರಷ್ಟು ಅರಿವೆ ಬೇಕು, ಹತ್ತಡಿ. ಸೀರೆಯ ಮೂರು ತುಂಡು ಪಕ್ಕಪಕ್ಕ ನಿಂತರೆ ಹನ್ನೊಂದು ಅಡಿ ಚಿಲ್ಲರೆ ಆಗುತ್ತದೆ. ಉದ್ದ ಐದಡಿ, ಮೇಲೆ ಕೆಳಗೆ ಮಡಿಕೆಗೆ ಎಂಟು ಇಂಚು. ಮೂರು ತುಂಡಿಗೆ ಹದಿನೇಳು ಅಡಿ. ಉಳಿದ ಒಂದಡಿಯಲ್ಲಿ ಪರದೆ ಕಟ್ಟುವ ಪಟ್ಟಿ. ಒಂದು ಸೀರೆಗೆ ಒಂದು ಕಿಟಕಿ, ಚಿಂದಿ ಉಳಿಯುವುದಿಲ್ಲ. ದಡಿ ಎರಡೂ ಬದಿಗೆ ಕಂಬದಂತೆ ನಿಲ್ಲುತ್ತದೆ, ಅದೇ ಅಂದ. ಅರ್ಧ ಪರದೆಯಾದರೆ ಒಂದೇ ಸೀರೆಯಲ್ಲಿ ಎರಡು ಕಿಟಕಿ. ಬೆರಳು ಎಣಿಸುವ ಪರೀಕ್ಷೆಯಲ್ಲಿ ಸೀರೆ ಸೋತರೆ ಹಿಂದೆ ಬಿಳಿ ಲೈನಿಂಗ್ ಕೊಡುತ್ತೇನೆ. ಬಿಳಿಯದು ಹೊರಗಿನ ಕಡೆಗೆ ಬರಬೇಕು. ಬಿಸಿಲನ್ನು ಅದು ವಾಪಸು ಕಳಿಸುತ್ತದೆ, ಸೀರೆಯ ಬಣ್ಣವೂ ಉಳಿಯುತ್ತದೆ.

ಮುಂಡರಗಿಯ ಕಡೆ ಒಂದು ಮನೆಯಲ್ಲಿ ಹೀಗೆ ತೀರಿಹೋದ ತಾಯಿಯ ಸೀರೆ ಕೊಟ್ಟರು. ಕೊಟ್ಟವಳು ಮಗಳು. ನಾನು ಕತ್ತರಿ ಇಡುವಾಗ ಆಕೆ ಹೊರಗೆ ಹೋಗಿ ನಿಂತಳು. ತೂಗುಹಾಕಿದ ಮೇಲೆ ಒಳಗೆ ಬಂದು ದಡಿ ಮುಟ್ಟಿ ನೋಡಿ, "ಇನ್ನ ಮ್ಯಾಲೆ ಅವ್ವನ ಅಡ್ಡ ನಿಂತಂಗಾತು" ಎಂದಳು. ನನ್ನ ಕೆಲಸದ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತು ಕೇಳಿಲ್ಲ.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆ ನೆಚ್ಚಬೇಡಿ. ಬಿಸಿಲು ಗಾಜು ದಾಟಿ ಒಳಗೆ ಬಂದಾದ ಮೇಲೆ ಅರಿವೆ ಅಡ್ಡ ಹಿಡಿದರೆ ಝಳ ಖೋಲಿಯಲ್ಲೇ ಕೂರುತ್ತದೆ. ಗಾಜಿನ ಹೊರಗೆ, ಸಜ್ಜದ ಕೆಳಗೆ ಬಿದಿರಿನ ಚಿಕ್ಕು ಇಳಿಬಿಡಿ. ಹಗಲಿನ ಅಡ್ಡ ಮತ್ತು ನೆರಳು ಎರಡೂ ಒಂದರಲ್ಲೇ ಆಯಿತು. ಚಿಕ್ಕಿಗೆ ಇನ್ನೊಂದು ಗುಣ ಇದೆ, ಅದನ್ನು ಹೇಳಲು ಶಿರಹಟ್ಟಿಯ ಅಜ್ಜಿಯೊಬ್ಬಳ ಕಥೆ ಬೇಕು.

ಮಗ ಮನೆ ಕಟ್ಟಿಸಿದ್ದ, ಕಿಟಕಿಗೆಲ್ಲ ದಪ್ಪ ಪರದೆ ಹಾಕಿಸಬೇಕೆಂದಿದ್ದ. ನಾನು ಅಳತೆ ತೆಗೆಯುತ್ತಿದ್ದರೆ ಅಜ್ಜಿ ಕಿಟಕಿಯ ಸರಳು ಹಿಡಿದು ಕೂತವಳು ಏಳಲೇ ಇಲ್ಲ. "ಅವ್ವಾ, ಸ್ವಲ್ಪ ಸರೀರಿ" ಎಂದೆ. "ಎಲ್ಲಿ ಸರೀಲಿ? ನನಗ ಟಿವಿ ಕಾಣಂಗಿಲ್ಲ, ಪೇಪರ ಓದಾಕ ಬರಂಗಿಲ್ಲ. ಯಾರ ಬಂದ್ರು, ಯಾರ ಹ್ವಾದ್ರು ಅನ್ನೂದ ಒಂದ ಐತಿ ನನಗ. ಅದನ್ನೂ ಹೊಲದ ಬಿಡ್ತಿಯೇನ?" ಎಂದಳು. ಅಲ್ಲಿಯ ತನಕ ನಾನು ನೋಡಿಸಿಕೊಳ್ಳುವವರ ಕಷ್ಟವನ್ನಷ್ಟೇ ಲೆಕ್ಕ ಹಾಕಿದ್ದೆ. ನೋಡುವ ಹಂಬಲವೂ ಮನೆಯೊಳಗೇ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಆ ಕಿಟಕಿಗೆ ಚಿಕ್ಕು ಹಾಕಿಸಿದೆವು. ಹಗಲೆಲ್ಲ ಅಜ್ಜಿಗೆ ಓಣಿ ಕಾಣುತ್ತದೆ, ಓಣಿಗೆ ಅಜ್ಜಿ ಕಾಣುವುದಿಲ್ಲ. "ಈಗ ಕದ್ದ ನೋಡಿದಂಗ ಆಗ್ತೈತಿ, ಭಾಳ ಚೊಲೊ ಐತಿ" ಎಂದು ನಕ್ಕಳು.

ಹಾಗಾಗಿ ಪರದೆ ಹಾಕಿಸುವ ಮೊದಲು ಮನೆಯಲ್ಲಿ ಯಾರು ಯಾವ ಕಿಟಕಿಯ ಹತ್ತಿರ ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳಿ. ಪಿಯುಸಿ ಓದುವ ಹುಡುಗಿಯ ಮೇಜು ಕಿಟಕಿಗೆ ಹತ್ತಿಕೊಂಡಿರುತ್ತದೆ. ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಫೋನು ಹಿಡಿದು ಅಡ್ಡಾಡುತ್ತಿದ್ದರೆ ಅವಳು ಏನೂ ಹೇಳುವುದಿಲ್ಲ, ಕಿಟಕಿ ಹಾಕಿ ಮೇ ತಿಂಗಳಲ್ಲೂ ಬೆವರುತ್ತಾ ಓದುತ್ತಾಳೆ. "ಅಕಿಗೆ ಗಾಳಿ ಆಗಿಬರಂಗಿಲ್ಲ" ಎಂದು ಮನೆಯವರು ತಿಳಿದಿರುತ್ತಾರೆ. ಎಷ್ಟು ಮನೆಯಲ್ಲಿ ಮುಚ್ಚಿದ ಕಿಟಕಿಯ ಹಿಂದೆ ಇಂಥ ಹೇಳದ ಕಾರಣ ಇರುತ್ತದೆ ಎಂಬುದು ಟೇಪು ಹಿಡಿದು ಒಳಗೆ ಹೋಗುವ ನನ್ನಂಥವಳಿಗೆ ಮಾತ್ರ ಕಾಣುತ್ತದೆ.

ಅಡುಗೆಮನೆಗೆ ದಯವಿಟ್ಟು ಪಾಲಿಯೆಸ್ಟರ್ ಪರದೆ ಬೇಡ. ಗಾಳಿಗೆ ಒಲೆಯ ಮೇಲೆ ಹಾರಿದರೆ ಕರಗಿ ಮೈಗೆ ಅಂಟುತ್ತದೆ. ಅಲ್ಲಿ ಕೆಳಗಿನ ಅರ್ಧಕ್ಕೆ ಪಿನ್‌ಹೆಡ್ ಗಾಜು ಹಾಕಿಸಿ, ಒರೆಸಿದರೆ ಎಣ್ಣೆ ಹೋಗುತ್ತದೆ. ಬಚ್ಚಲಿನ ಉಜ್ಜಿದ ಗಾಜಿಗೆ ಒರಟು ಮೈ ಒಳಗೆ ಬರಬಾರದು, ನೀರು ಹತ್ತಿದರೆ ಅದು ತಿಳಿಯಾಗಿಬಿಡುತ್ತದೆ. ಪಟ್ಟಿಯ ಬ್ಲೈಂಡ್ಸ್ ಆಸೆಪಟ್ಟು ತಂದವರು ಪಟ್ಟಿಯ ಹೊರ ಅಂಚು ಕೆಳಗಾಗುವಂತೆ ತಿರುಗಿಸಿ. ಮೇಲಿನ ಮನೆಯವರ ಕಣ್ಣು ತಡೆಯುತ್ತದೆ, ರಸ್ತೆಯವರಿಗೆ ನಿಮ್ಮ ಛತ್ತು ಕಾಣುತ್ತದೆ. ಅದರ ಎಳೆಯುವ ಹಗ್ಗ ಕೂಸುಗಳ ಕೈಗೆ ಸಿಗದಂತೆ ಎತ್ತರದಲ್ಲಿ ಸುತ್ತಿಡಿ. ಕೊರಳಿಗೆ ಸುತ್ತಿಕೊಂಡು ಕೂಸುಗಳು ಸತ್ತ ಘಟನೆಗಳು ಬೇರೆ ದೇಶಗಳಲ್ಲಿ ಬಹಳ ನಡೆದಿವೆ. ಬ್ಲೈಂಡ್ಸ್ ಬಗ್ಗೆ ಇಷ್ಟು ಸಾಕು. ನಮ್ಮ ಧೂಳಿಗೆ ಅವು ಒಂದೇ ಬೇಸಿಗೆಗೆ ಕೆಂಪಾಗುತ್ತವೆ.

ಈಗ ನೆರೆಮನೆಯ ಮಾತು. ನಿಮ್ಮ ಕಿಟಕಿಯಿಂದ ನಿಮ್ಮನ್ನು ನೋಡುವವರಿರುವಂತೆ, ನಿಮ್ಮ ಕಿಟಕಿ ಇನ್ನೊಬ್ಬರ ಅಂಗಳ ನೋಡುತ್ತಿರುತ್ತದೆ. ಹಿಂದೊಮ್ಮೆ ವಕೀಲರೊಬ್ಬರ ಆಫೀಸಿಗೆ ಪರದೆ ಹಾಕುವಾಗ ಹೀಗೇ ಮಾತು ಬಂದು ಅವರು ಒಂದು ಪುಸ್ತಕ ತೆಗೆದು ತೋರಿಸಿದರು. 1882ರ ಈಸ್‌ಮೆಂಟ್ ಕಾಯ್ದೆ. ನಮ್ಮ ಗದಗ ಆಗ ಮುಂಬೈ ಇಲಾಖೆಯಲ್ಲಿತ್ತು, ಆ ಇಲಾಖೆಗೆ ಇದು ಅನ್ವಯವಾದದ್ದು 1891ರಲ್ಲಿ. ಅದರ 18ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಕಿಟಕಿಯದೇ. ನೆರೆಯವರ ಮರೆಗೆ ಧಕ್ಕೆ ಬರುವಂತೆ ಹೊಸ ಕಿಟಕಿ ತೆಗೆಯಬಾರದು ಎಂಬ ರೂಢಿ ಊರಿನಲ್ಲಿದ್ದರೆ, ಸಾಮಾನ್ಯವಾಗಿ ಹೊರಗಿನವರ ಕಣ್ಣಿಗೆ ಬೀಳದ ಭಾಗ ಕಾಣುವಂತೆ ಪಕ್ಕದವನು ಕಿಟಕಿ ಇಡುವಂತಿಲ್ಲ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಇಂಥದೇ ತಕರಾರಿನಲ್ಲಿ ಆ ರೂಢಿಯ ಹಕ್ಕನ್ನು ಎತ್ತಿಹಿಡಿದಿತ್ತಂತೆ. ಅಲ್ಲಿಂದ ನೂರಿಪ್ಪತ್ತೊಂಬತ್ತು ವರ್ಷಕ್ಕೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರದು ಆಧಾರ್ ಕಾರ್ಡಿನ ಜಗಳ, ನಮ್ಮದು ಕಿಟಕಿಯದು. ಹೆಣ್ಣುಮಕ್ಕಳು ಮರೆಯಲ್ಲಿರುವಾಗ ಇಣುಕಿ ನೋಡುವುದು, ಫೋಟೋ ತೆಗೆಯುವುದು 2013ರಿಂದ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು.

ಕಾನೂನು ಇರಲಿ, ಓಣಿಯಲ್ಲಿ ಯಾರೂ ಪಕ್ಕದ ಮನೆಯವರ ಮೇಲೆ ಕೋರ್ಟಿಗೆ ಹೋಗಬಾರದೆಂದೇ ನನ್ನ ಆಸೆ. ಚೌಕಟ್ಟು ನಿಲ್ಲಿಸುವ ಮೊದಲು ಪಕ್ಕದ ಮನೆಯ ಗೋಡೆ ಒಮ್ಮೆ ನೋಡಿ. ಅವರ ಕಿಟಕಿ ಇರುವಲ್ಲಿಂದ ನಿಮ್ಮದನ್ನು ಮೂರಡಿ ಅತ್ತ ಸರಿಸಿದರೆ ಎರಡು ಮನೆಗೂ ಪರದೆಯ ಅರ್ಧ ಖರ್ಚು ಉಳಿಯಿತು. ಗೌಂಡಿ ಗೊಣಗಿದರೆ ಚಹಾ ಕೊಡಿ. ನನ್ನ ಧಂದೆಗೆ ಇದು ನಷ್ಟದ ಮಾತೇ, ಗೊತ್ತು.

ಇನ್ನು ಒಂದು ಕೋರಿಕೆ. ಅಳತೆಗೆ ನನ್ನನ್ನೋ ನನ್ನಂಥ ಇನ್ನೊಬ್ಬರನ್ನೋ ಕರೆಯುವಾಗ ಮಧ್ಯಾಹ್ನ ಕರೆಯಬೇಡಿ, ಸಂಜೆ ಏಳರ ಮೇಲೆ ಕರೆಯಿರಿ. ಎಲ್ಲ ಖೋಲಿಯ ದೀಪ ಹಚ್ಚಿ. ಮನೆಯ ಯಜಮಾನರು ನಮ್ಮ ಜೊತೆ ಹೊರಗೆ ಬರಲಿ, ಎದುರಿನ ಕಟ್ಟೆಯ ಮೇಲೆ ಐದು ನಿಮಿಷ ಕೂತುಕೊಳ್ಳಲಿ. ಒಳಗೆ ಅವರ ಮನೆಯಾಕೆಯೋ ಮಗಳೋ ಎಂದಿನಂತೆ ಅಡ್ಡಾಡುತ್ತಿರಲಿ. ಅವರು ಎದ್ದು ಒಳಗೆ ಬಂದ ಮೇಲೆ ಬಣ್ಣದ ಮಾತು ಆಡೋಣ. ಹತ್ತಿ ಸೀರೆ ಇದ್ದರೆ ತೆಗೆದಿಡಿ, ಒಂದು ಕಿಟಕಿಗೆ ಒಂದು.

ಇಂತಿ,
ಪರದೆ ಹೊಲಿಯುವಾಕೆ
ಬೆಟಗೇರಿ